ಸೇನೆಯ ಜೀಪಿಗೆ ನಿಜವಾದ ಬೆಲೆ ಎಷ್ಟು?

ಸೇನಾ ವಾಹನಗಳ ವಿಡಿಯೊ ನೋಡದ ಹುಡುಗರು ನಮ್ಮ ಕಾಲೇಜಿನಲ್ಲಿ ಕಡಿಮೆ. ನೀರಿನಲ್ಲಿ ಇಳಿಯುವ ಹಂವೀ, ಹಿಮದ ದಾರಿ ಹತ್ತುವ ಜಿಪ್ಸಿ, ಮರಳುಗಾಡಿನಲ್ಲಿ ಧೂಳೆಬ್ಬಿಸುವ ಟೊಯೋಟಾ ಪಿಕಪ್ ಎಲ್ಲವನ್ನೂ ನೋಡಿರುತ್ತೇವೆ. ನೋಡಿದ ಮೇಲೆ ಚರ್ಚೆ ಒಂದೇ: ಇವುಗಳಲ್ಲಿ ಯಾವುದು ಬೆಸ್ಟ್? ವಿಜ್ಞಾನ ವಿಭಾಗದ ಗೆಳೆಯರು ಎಂಜಿನ್ನಿನ ಶಕ್ತಿ ಹೇಳುತ್ತಾರೆ, ಟಾರ್ಕ್ ಹೇಳುತ್ತಾರೆ. ವಾಣಿಜ್ಯ ವಿಭಾಗದವರಾದ ನಾವು ಇನ್ನೊಂದು ಪ್ರಶ್ನೆ ಕೇಳಬೇಕು. ಇದಕ್ಕೆ ಎಷ್ಟು ಖರ್ಚಾಯಿತು, ಆ ದುಡ್ಡಿಗೆ ಸಿಕ್ಕಿದ್ದೇನು?

ಈ ಲೇಖನದಲ್ಲಿ ಟ್ಯಾಂಕ್‌ಗಳ ವಿಷಯವಿಲ್ಲ, ದೊಡ್ಡ ಲಾರಿಗಳ ವಿಷಯವೂ ಇಲ್ಲ. ಸೈನಿಕರನ್ನು ರಸ್ತೆಯೇ ಇಲ್ಲದ ಜಾಗಕ್ಕೆ ಕರೆದೊಯ್ಯುವ ಜೀಪಿನಂಥ ವಾಹನಗಳ ಬೆಲೆ ಮತ್ತು ಸಾಮರ್ಥ್ಯವನ್ನು ಮಾತ್ರ ಹೋಲಿಸಲು ಪ್ರಯತ್ನಿಸಿದ್ದೇನೆ. ಹೋಲಿಸುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಇಂಥ ವಾಹನಗಳಲ್ಲಿ ಪ್ರತಿಯೊಂದು ಗುಣಕ್ಕೂ ಎರಡು ಬೆಲೆ ಇದೆ. ಒಂದನ್ನು ಹಣದಲ್ಲಿ ಕೊಡುತ್ತೇವೆ, ಇನ್ನೊಂದನ್ನು ತೂಕದಲ್ಲಿ ಕೊಡುತ್ತೇವೆ.

ಸಾಮರ್ಥ್ಯ ಎಂದರೇನು?

ಮೊದಲನೆಯದು ನಾಲ್ಕು ಚಕ್ರಗಳ ಚಾಲನೆ. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಆ ಎರಡು ಚಕ್ರ ಕೆಸರಿನಲ್ಲಿ ಸಿಕ್ಕರೆ ಕಾರು ನಿಂತಂತೆಯೇ. ಫೋರ್ ವೀಲ್ ಡ್ರೈವ್ ವಾಹನದಲ್ಲಿ ನಾಲ್ಕಕ್ಕೂ ಶಕ್ತಿ ಹೋಗುತ್ತದೆ. ಜೊತೆಗೆ ಟ್ರಾನ್ಸ್‌ಫರ್ ಕೇಸ್ ಎಂಬ ಹೆಚ್ಚುವರಿ ಗೇರ್ ಪೆಟ್ಟಿಗೆ ಇರುತ್ತದೆ. ಅದರ ಲೋ ಗೇರಿಗೆ ಹಾಕಿದರೆ ವೇಗ ತುಂಬಾ ಕಡಿಮೆಯಾಗಿ ಎಳೆಯುವ ಶಕ್ತಿ ಹೆಚ್ಚುತ್ತದೆ.

ಎರಡನೆಯದು ನೆಲದಿಂದ ಎಷ್ಟು ಎತ್ತರ ಎಂಬುದು. ಮಾರುತಿ ಜಿಪ್ಸಿಯ ಅಡಿಭಾಗ ನೆಲದಿಂದ ಸುಮಾರು 21 ಸೆಂಟಿಮೀಟರ್ ಮೇಲಿದೆ. ಅಮೆರಿಕದ ಹಂವೀಯದು ಸುಮಾರು 41 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಎರಡರಷ್ಟು. ಆದರೆ ಈ ಎತ್ತರ ಪುಕ್ಕಟೆ ಸಿಕ್ಕಿದ್ದಲ್ಲ. ಗೇರ್ ಮತ್ತು ಶಾಫ್ಟ್‌ಗಳನ್ನು ಮೇಲಕ್ಕೆತ್ತಿ ಕ್ಯಾಬಿನ್ನಿನ ನಡುವೆಯೇ ತೂರಿಸಿದ್ದರಿಂದ ಎರಡು ಮೀಟರಿಗಿಂತ ಹೆಚ್ಚು ಅಗಲವಿರುವ ವಾಹನದಲ್ಲಿ ಸಾಮಾನ್ಯವಾಗಿ ನಾಲ್ಕೇ ಸೀಟು ಹಿಡಿಯುತ್ತವೆ. ಕಿರಿದಾದ ಬೆಟ್ಟದ ದಾರಿಯಲ್ಲಿ ಆ ಅಗಲವೇ ತೊಂದರೆ.

ಮೂರನೆಯದು ಏರು. ಹಂವೀ 60 ಶೇಕಡಾ ಏರು ಹತ್ತುತ್ತದೆ ಎಂದು ಓದಿದಾಗ ನಮ್ಮಲ್ಲಿ ಹಲವರು 60 ಡಿಗ್ರಿ ಎಂದುಕೊಳ್ಳುತ್ತೇವೆ. ಅದು ಹಾಗಲ್ಲ. 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 60 ಮೀಟರ್ ಮೇಲೇರುವುದು ಎಂದರ್ಥ. ಕೋನದಲ್ಲಿ ಹೇಳಿದರೆ ಸುಮಾರು 31 ಡಿಗ್ರಿ. ನಡೆದು ಹತ್ತುವವರಿಗೂ ಏದುಸಿರು ಬರುವಷ್ಟು ಕಡಿದಾದ ಏರು ಅದು.

ನಾಲ್ಕನೆಯದು ಹೊರುವ ಭಾರ, ಐದನೆಯದು ರಕ್ಷಣೆ. ಇವೆರಡೂ ಒಂದಕ್ಕೊಂದು ಆಗದವು. ಯಾಕೆಂದು ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಘನ ಮೀಟರ್ ಉಕ್ಕಿನ ತೂಕ ಸುಮಾರು 7,850 ಕಿಲೊ. ಹಾಗಾದರೆ ಒಂದು ಸೆಂಟಿಮೀಟರ್ ದಪ್ಪದ, ಒಂದು ಚದರ ಮೀಟರ್ ಉಕ್ಕಿನ ಹಲಗೆ ಸುಮಾರು 78 ಕಿಲೊ ತೂಗುತ್ತದೆ. ಜಿಪ್ಸಿಯ ಎರಡೂ ಪಕ್ಕ ಮತ್ತು ಹಿಂಭಾಗಕ್ಕೆ ಇಂಥ ಐದು ಚದರ ಮೀಟರ್ ಹಲಗೆ ಹೊಡೆದರೆ 390 ಕಿಲೊ ಆಯಿತು. ಜಿಪ್ಸಿ ಹೊರಬಲ್ಲದ್ದು ಒಟ್ಟು 500 ಕಿಲೊ. ಉಳಿದ 110 ಕಿಲೊದಲ್ಲಿ ಬಂದೂಕು, ಗುಂಡು, ಚೀಲ ಹೊತ್ತ ಒಬ್ಬ ಸೈನಿಕ ಕೂರಬಹುದು. ಡ್ರೈವರ್ ಕೂತರೆ ಅವನಿಗೂ ಜಾಗವಿಲ್ಲ. ನೆತ್ತಿಯ ಮೇಲೆ ಮತ್ತು ಕಾಲಿನ ಕೆಳಗೆ ಇನ್ನೂ ಏನೂ ಹಾಕಿಲ್ಲ ಎಂಬುದನ್ನು ಮರೆಯಬೇಡಿ.

ಹೆಚ್ಚು ಉಕ್ಕು ಹಾಕಿದರೆ ದೊಡ್ಡ ಎಂಜಿನ್ ಬೇಕು. ದೊಡ್ಡ ಎಂಜಿನ್ನಿಗೆ ಗಟ್ಟಿ ಚಾಸಿಸ್ ಬೇಕು, ದೊಡ್ಡ ಬ್ರೇಕ್ ಬೇಕು, ದೊಡ್ಡ ಟೈರ್ ಬೇಕು, ಹೆಚ್ಚು ಡೀಸೆಲ್ ಬೇಕು. ಇವೆಲ್ಲ ಸೇರಿ ತೂಕ ಮತ್ತೆ ಹೆಚ್ಚುತ್ತದೆ. ಸೇನಾ ವಾಹನಗಳ ಕಥೆಯನ್ನೆಲ್ಲ ಈ ಒಂದು ಸರಪಳಿಯಲ್ಲಿ ಹೇಳಿಬಿಡಬಹುದು.

740 ಡಾಲರಿನ ಜೀಪ್

1940ರಲ್ಲಿ ಎರಡನೆಯ ಮಹಾಯುದ್ಧ ಅಮೆರಿಕದ ಹತ್ತಿರ ಬರುತ್ತಿದ್ದಾಗ ಅಲ್ಲಿನ ಸೇನೆ ಒಂದು ಹಗುರವಾದ ನಾಲ್ಕು ಚಕ್ರ ಚಾಲನೆಯ ಗಾಡಿಗಾಗಿ 135 ಕಂಪನಿಗಳನ್ನು ಕೇಳಿತು. ಮಾದರಿ ಗಾಡಿಯನ್ನು 49 ದಿನಗಳಲ್ಲಿ ಮಾಡಿ ಒಪ್ಪಿಸಬೇಕಿತ್ತು. ಆ ಗಡುವಿನೊಳಗೆ ಮಾಡಿ ತೋರಿಸಿದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ಆದರೆ ದೊಡ್ಡ ಆರ್ಡರ್ ಸಿಕ್ಕಿದ್ದು ಒಳ್ಳೆಯ ಎಂಜಿನ್ ಮತ್ತು ಕಡಿಮೆ ಬೆಲೆ ಎರಡನ್ನೂ ಕೊಟ್ಟ ವಿಲ್ಲಿಸ್ ಕಂಪನಿಗೆ. ಅದೇ ನಕ್ಷೆಯಲ್ಲಿ ಫೋರ್ಡ್ ಕೂಡ ತಯಾರಿಸಿತು. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು.

ಒಂದು ಜೀಪಿನ ಬೆಲೆ ಸುಮಾರು 740 ಡಾಲರ್, ತೂಕ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು, ಎಂಜಿನ್ 60 ಅಶ್ವಶಕ್ತಿ. ಬಾಗಿಲಿಲ್ಲ, ಗಟ್ಟಿ ಮೇಲ್ಛಾವಣಿಯಿಲ್ಲ, ಗುಂಡಿನಿಂದ ರಕ್ಷಣೆಯಂತೂ ಇಲ್ಲವೇ ಇಲ್ಲ. ಹಳ್ಳಕ್ಕೆ ಬಿದ್ದರೆ ನಾಲ್ಕಾರು ಸೈನಿಕರು ಸೇರಿ ತಳ್ಳಿ ಎತ್ತಬಹುದಿತ್ತು. ಹೆಚ್ಚು ತಯಾರಿಸಿದಷ್ಟೂ ಒಂದೊಂದರ ಮೇಲೆ ಬೀಳುವ ಸ್ಥಿರ ವೆಚ್ಚ ಇಳಿಯುತ್ತದೆ ಎಂದು ಪಾಠದಲ್ಲಿ ಓದುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಈ ಜೀಪಿಗೂ ನಮ್ಮ ದೇಶದ ಒಂದು ದೊಡ್ಡ ಕಂಪನಿಗೂ ಸಂಬಂಧವಿದೆ. 1945ರಲ್ಲಿ ಮಹೀಂದ್ರಾ ಸಹೋದರರು ಮಲಿಕ್ ಗುಲಾಮ್ ಮುಹಮ್ಮದ್ ಅವರ ಜೊತೆ ಸೇರಿ ಮಹೀಂದ್ರಾ ಅಂಡ್ ಮೊಹಮ್ಮದ್ ಎಂಬ ಉಕ್ಕಿನ ವ್ಯಾಪಾರದ ಸಂಸ್ಥೆ ತೆರೆದರು. 1947ರಲ್ಲಿ ಅದೇ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರುಮಾಡಿತು. ದೇಶ ವಿಭಜನೆಯಾದಾಗ ಗುಲಾಮ್ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಎಂದಾಯಿತು. ಪಾಲುದಾರಿಕೆಯ ಪಾಠ ಓದುವಾಗ ನೆನಪಿಡಬಹುದಾದ ಸಂಗತಿ ಇದು.

ಅದೇ 1948ರಲ್ಲಿ ಜೀಪಿನ ಹೆಸರಿನಲ್ಲಿ ಸ್ವತಂತ್ರ ಭಾರತದ ಮೊದಲ ಖರೀದಿ ವಿವಾದವೂ ಎದ್ದಿತು. ಕಾಶ್ಮೀರದ ಯುದ್ಧಕ್ಕೆ ಜೀಪುಗಳು ತುರ್ತಾಗಿ ಬೇಕಾಗಿದ್ದವು. ಲಂಡನ್ನಿನಲ್ಲಿ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದವಾಯಿತು. ಕೊಳ್ಳಲು ಒಪ್ಪಿದ್ದು ರಿಪೇರಿ ಮಾಡಿದ ಹಳೆಯ ಜೀಪುಗಳನ್ನು. ಆದರೆ ಇಲ್ಲಿಗೆ ಬಂದಿಳಿದವು 155 ಮಾತ್ರ, ಅವೂ ಸೇನೆಯ ಕೆಲಸಕ್ಕೆ ಬಾರದಂತಿದ್ದವು. ಓಡದ ಜೀಪನ್ನು ಎಷ್ಟು ಅಗ್ಗಕ್ಕೆ ಕೊಂಡರೂ ಅದು ದುಬಾರಿಯೇ.

ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಒಂದು ಮಾತಿದೆ: ಮೆಹೆಂಗಾ ರೋಯೇ ಏಕ್ ಬಾರ್, ಸಸ್ತಾ ರೋಯೇ ಬಾರ್ ಬಾರ್. ದುಬಾರಿ ಕೊಂಡವನು ಒಂದು ಸಲ ಅಳುತ್ತಾನೆ, ಅಗ್ಗದ್ದು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ. 155 ಜೀಪುಗಳಿಗೆ ಈ ಮಾತು ಸರಿಯಾಗಿ ಹೊಂದುತ್ತದೆ. ಆದರೆ ದುಬಾರಿ ವಾಹನ ಕೊಂಡವರು ನಿಜವಾಗಿಯೂ ಒಂದೇ ಸಲ ಅತ್ತರೇ? ಅದಕ್ಕೆ ಅಮೆರಿಕದ ಮುಂದಿನ ಕಥೆ ನೋಡಬೇಕು.

ಹಂವೀ ಮತ್ತು ಗುಜರಿಯ ತಗಡು

1983ರಲ್ಲಿ ಅಮೆರಿಕದ ಸೇನೆ ಎಎಂ ಜನರಲ್ ಕಂಪನಿಗೆ 55,000 ಹಂವೀಗಳ ಗುತ್ತಿಗೆ ಕೊಟ್ಟಿತು. ಒಟ್ಟು ಮೊತ್ತ ಸುಮಾರು 120 ಕೋಟಿ ಡಾಲರ್. ಭಾಗಿಸಿದರೆ ಒಂದಕ್ಕೆ ಸುಮಾರು 21,800 ಡಾಲರ್. ಮೊದಲ ಹಂವೀಗಳ ತೂಕ ಎರಡೂವರೆ ಟನ್ನಿಗಿಂತ ಸ್ವಲ್ಪ ಕಡಿಮೆ. ಕಲ್ಲು, ಕೆಸರು, ಮರಳು, ಮೊಣಕಾಲು ಮೀರಿದ ನೀರು ಯಾವುದಕ್ಕೂ ಅದು ಹೆದರಲಿಲ್ಲ. ಯುದ್ಧ ಮುಂದೆ ನಡೆಯುತ್ತದೆ, ಹಂವೀ ಹಿಂದಿನಿಂದ ಸಾಮಾನು ಮತ್ತು ಜನರನ್ನು ತರುತ್ತದೆ ಎಂಬ ಲೆಕ್ಕದಲ್ಲಿ ಅದನ್ನು ಮಾಡಿದ್ದರು. ಆದ್ದರಿಂದ ಅದರ ಬಹುಪಾಲು ಮಾದರಿಗಳಿಗೆ ಕವಚವಿರಲಿಲ್ಲ. ಕೆಲವಕ್ಕೆ ಬಟ್ಟೆಯ ಬಾಗಿಲೇ ಇತ್ತು.

2003ರಲ್ಲಿ ಇರಾಕ್ ಯುದ್ಧ ಶುರುವಾದ ಮೇಲೆ ಆ ಲೆಕ್ಕ ತಪ್ಪಿತು. ಅಲ್ಲಿ ಮುಂದೆ ಹಿಂದೆ ಎಂಬುದೇ ಇರಲಿಲ್ಲ. ರಸ್ತೆ ಬದಿಯಲ್ಲಿ ಹೂತಿಟ್ಟ ಬಾಂಬುಗಳು ಯಾವ ವಾಹನದ ಕೆಳಗಾದರೂ ಸಿಡಿಯಬಹುದಿತ್ತು. 2004ರ ಡಿಸೆಂಬರಿನಲ್ಲಿ ಅಮೆರಿಕದ ರಕ್ಷಣಾ ಮಂತ್ರಿ ಡೊನಾಲ್ಡ್ ರಮ್ಸ್‌ಫೆಲ್ಡ್ ಕುವೈತಿನಲ್ಲಿ ಸೈನಿಕರನ್ನು ಭೇಟಿಯಾದಾಗ ಒಬ್ಬ ಸೈನಿಕ ಎದ್ದು ನಿಂತು ನೇರವಾಗಿ ಕೇಳಿದ. ಗುಜರಿಯಲ್ಲಿ ಲೋಹದ ತುಂಡು, ಗುಂಡು ತಡೆಯುವ ಗಾಜು ಹುಡುಕಿ ತಂದು ನಮ್ಮ ಗಾಡಿಗಳಿಗೆ ನಾವೇ ಯಾಕೆ ಕಟ್ಟಿಕೊಳ್ಳಬೇಕು ಎಂಬುದು ಅವನ ಪ್ರಶ್ನೆಯ ಸಾರ. ಸುತ್ತ ಇದ್ದ ಸೈನಿಕರು ಚಪ್ಪಾಳೆ ಹೊಡೆದರು. ಇರುವ ಸೈನ್ಯವನ್ನೇ ಕಟ್ಟಿಕೊಂಡು ಯುದ್ಧಕ್ಕೆ ಹೋಗಬೇಕಾಗುತ್ತದೆ ಎಂಬ ಅರ್ಥದಲ್ಲಿ ಮಂತ್ರಿ ಉತ್ತರಿಸಿದರು. ಆ ಉತ್ತರಕ್ಕೆ ಅಮೆರಿಕದಲ್ಲೇ ತೀವ್ರ ಟೀಕೆ ಬಂತು.

ನಂತರ ಹಂವೀಗಳಿಗೆ ಕಾರ್ಖಾನೆಯ ಕವಚ ಬಂತು. ಕವಚವಿರುವ ಮಾದರಿಯ ತೂಕ ಸುಮಾರು ನಾಲ್ಕೂವರೆ ಟನ್, ಅಂದರೆ ಮೊದಲಿನದರ ಹೆಚ್ಚುಕಡಿಮೆ ಎರಡರಷ್ಟು. ಬೆಲೆ ಲಕ್ಷ ಡಾಲರ್ ದಾಟಿತು. ಎಂಜಿನ್, ಬ್ರೇಕ್, ಸ್ಪ್ರಿಂಗ್ ಎಲ್ಲ ಬೇಗ ಸವೆಯತೊಡಗಿದವು. ಇಷ್ಟಾದರೂ ಕೆಳಗಿನಿಂದ ಸಿಡಿಯುವ ಬಾಂಬಿಗೆ ಅದರ ಬಳಿ ಉತ್ತರವಿರಲಿಲ್ಲ. ಯಾಕೆಂದರೆ ಹಂವೀಯ ತಳ ಚಪ್ಪಟೆ. ಸ್ಫೋಟದ ಹೊಡೆತ ಪೂರ್ತಿಯಾಗಿ ತಳಕ್ಕೇ ಬಡಿಯುತ್ತಿತ್ತು.

ವಿ ಆಕಾರದ ತಳ

ಇದಕ್ಕೆ ಉತ್ತರ ಹಳೆಯದೇ. 1970 ಮತ್ತು 80ರ ದಶಕಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ವಾಹನದ ತಳವನ್ನು ಇಂಗ್ಲಿಷಿನ ವಿ ಅಕ್ಷರದಂತೆ ಮಾಡುವ ವಿಧಾನ ಬೆಳೆದಿತ್ತು. ಕೆಳಗೆ ಸ್ಫೋಟವಾದರೆ ಅದರ ಬಲ ಎರಡೂ ಪಕ್ಕಕ್ಕೆ ಹಂಚಿಹೋಗುತ್ತದೆ. ವಾಹನ ಎತ್ತರವಾಗಿದ್ದಷ್ಟೂ ಒಳಗಿನವರಿಗೆ ಸ್ಫೋಟ ದೂರವಾಗುತ್ತದೆ. ಅಲ್ಲಿನ ಕ್ಯಾಸ್ಪಿರ್ ಎಂಬ ವಾಹನವನ್ನು ಭಾರತವೂ ಕೊಂಡು ಕಾಶ್ಮೀರದಲ್ಲಿ ಬಳಸಿದೆ.

2007ರಲ್ಲಿ ಅಮೆರಿಕದ ರಕ್ಷಣಾ ಮಂತ್ರಿಯಾಗಿದ್ದ ರಾಬರ್ಟ್ ಗೇಟ್ಸ್ ಇಂಥ ವಾಹನಗಳ ಖರೀದಿಯೇ ತಮ್ಮ ಇಲಾಖೆಯ ಮೊದಲ ಆದ್ಯತೆ ಎಂದರು. ಇವುಗಳನ್ನು ಒಟ್ಟಾಗಿ ಎಮ್‌ರಾಪ್ ಎನ್ನುತ್ತಾರೆ. ಕೆಲವೇ ವರ್ಷಗಳಲ್ಲಿ ಸುಮಾರು 27,000 ವಾಹನಗಳು ಬಂದವು. ಸಾಗಣೆ, ನಿರ್ವಹಣೆ ಸೇರಿ ಯೋಜನೆಗೆ ಸುಮಾರು 4,500 ಕೋಟಿ ಡಾಲರ್ ಖರ್ಚಾಯಿತು. ಬಾಂಬ್ ಸಿಡಿದ ವಾಹನಗಳಿಂದ ಸೈನಿಕರು ಜೀವಂತವಾಗಿ ಇಳಿದು ಬಂದರು. ಇದು ಸಣ್ಣ ಮಾತಲ್ಲ.

ಆದರೆ ಹದಿನಾಲ್ಕು ಟನ್, ಅದಕ್ಕೂ ಹೆಚ್ಚು ತೂಗುವ ಈ ವಾಹನಗಳು ಇರಾಕಿನ ಡಾಂಬರು ರಸ್ತೆಗೆ ಸರಿ, ಅಫ್ಘಾನಿಸ್ತಾನದ ಬೆಟ್ಟದ ಮಣ್ಣಿನ ದಾರಿಗೆ ಸರಿಯಿರಲಿಲ್ಲ. ಎತ್ತರವಾಗಿದ್ದರಿಂದ ಅಂಚು ಕುಸಿದ ಕಡೆ ಮಗುಚಿ ಬೀಳುತ್ತಿದ್ದವು. ರಸ್ತೆ ಬಿಟ್ಟು ಇಳಿಯಲಾಗದ ವಾಹನ ಯಾವ ರಸ್ತೆಯಲ್ಲಿ ಬರುತ್ತದೆ ಎಂದು ಬಾಂಬ್ ಇಡುವವನಿಗೆ ಮೊದಲೇ ಗೊತ್ತಿರುತ್ತದೆ. ಅದಕ್ಕಾಗಿ 2009ರಲ್ಲಿ ಸ್ವಲ್ಪ ಚಿಕ್ಕದಾದ ಇನ್ನೊಂದು ಮಾದರಿಯನ್ನು ತರಬೇಕಾಯಿತು. ಮುಂದೆ ಸೈನ್ಯ ವಾಪಸ್ ಹೊರಟಾಗ ಹಲವು ಎಮ್‌ರಾಪ್‌ಗಳನ್ನು ಊರಿಗೆ ಸಾಗಿಸುವ ಖರ್ಚೇ ಹೆಚ್ಚೆಂದು ಅಫ್ಘಾನಿಸ್ತಾನದಲ್ಲೇ ಕತ್ತರಿಸಿ ಗುಜರಿಗೆ ಹಾಕಿದರು. ಸವಕಳಿಯ ಲೆಕ್ಕ ಬರೆಯುವಾಗ ನಾವು ಆಸ್ತಿಯ ಆಯುಷ್ಯ ಹತ್ತು ವರ್ಷ, ಗುಜರಿ ಬೆಲೆ ಇಷ್ಟು ಎಂದು ಸುಲಭವಾಗಿ ಬರೆದುಬಿಡುತ್ತೇವೆ. ಇಲ್ಲಿ ಯಂತ್ರ ಇನ್ನೂ ಗಟ್ಟಿಯಾಗಿದ್ದಾಗಲೇ ಅದರ ಕೆಲಸ ಮುಗಿದುಹೋಗಿತ್ತು.

ಹಂವೀಗೂ ಎಮ್‌ರಾಪ್‌ಗೂ ನಡುವಿನದೊಂದು ಬೇಕೆಂದು 2015ರಲ್ಲಿ ಆಶ್‌ಕಾಶ್ ಕಂಪನಿಗೆ ಜೆಎಲ್‌ಟಿವಿ ಎಂಬ ವಾಹನದ ಗುತ್ತಿಗೆ ಕೊಟ್ಟರು. ಸುಮಾರು 17,000 ವಾಹನಗಳಿಗೆ 670 ಕೋಟಿ ಡಾಲರ್. ತೂಕ ಆರು ಟನ್ನಿಗೂ ಹೆಚ್ಚು. ಕೊನೆಗೆ 2020ರಲ್ಲಿ ಜನರಲ್ ಮೋಟರ್ಸಿನ ರಕ್ಷಣಾ ವಿಭಾಗಕ್ಕೆ ಇನ್ನೊಂದು ಗುತ್ತಿಗೆ ಹೋಯಿತು: 649 ವಾಹನ, 21.4 ಕೋಟಿ ಡಾಲರ್. ಐಎಸ್‌ವಿ ಎಂಬ ಈ ವಾಹನಕ್ಕೆ ಕವಚವೂ ಇಲ್ಲ, ಬಾಗಿಲೂ ಇಲ್ಲ. ಜನಸಾಮಾನ್ಯರು ಕೊಳ್ಳುವ ಷೆವ್ರೊಲೆ ಕೊಲರಾಡೊ ಪಿಕಪ್ಪಿನ ಭಾಗಗಳಿಂದ ಮಾಡಿದ ಇದರಲ್ಲಿ ಒಂಬತ್ತು ಸೈನಿಕರು ಕೂರುತ್ತಾರೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಸೇನೆ ಹಂವೀ ಮತ್ತು ಜೆಎಲ್‌ಟಿವಿ ಎರಡರ ಹೊಸ ಖರೀದಿಯನ್ನೂ ನಿಲ್ಲಿಸುವುದಾಗಿ ಹೇಳಿತು. ಬಾಗಿಲಿಲ್ಲದ ಜೀಪಿನಿಂದ ಹೊರಟವರು ಎಂಬತ್ತು ವರ್ಷ ಸುತ್ತಿ ಬಾಗಿಲಿಲ್ಲದ ಗಾಡಿಯ ಹತ್ತಿರವೇ ಬಂದಿದ್ದಾರೆ.

ಲೆಕ್ಕದ ಪಟ್ಟಿ

ಒಟ್ಟು ಮೊತ್ತವನ್ನು ವಾಹನಗಳ ಸಂಖ್ಯೆಯಿಂದ ಭಾಗಿಸಿದರೆ ಒಂದಕ್ಕೆ ಬೀಳುವ ಹಣ ಹೀಗಿದೆ:

ವಿಲ್ಲಿಸ್ ಜೀಪ್, 1941: ಸುಮಾರು 740 ಡಾಲರ್
ಹಂವೀ, 1983: ಸುಮಾರು 21,800 ಡಾಲರ್
ಎಮ್‌ರಾಪ್, 2007ರ ನಂತರ: ಸುಮಾರು 16.7 ಲಕ್ಷ ಡಾಲರ್
ಜೆಎಲ್‌ಟಿವಿ, 2015: ಸುಮಾರು 3.9 ಲಕ್ಷ ಡಾಲರ್
ಐಎಸ್‌ವಿ, 2020: ಸುಮಾರು 3.3 ಲಕ್ಷ ಡಾಲರ್

ಈ ಪಟ್ಟಿಯನ್ನು ಹಾಗೆಯೇ ನಂಬಿದರೆ ಎರಡು ಕಡೆ ಮೋಸ ಹೋಗುತ್ತೇವೆ. ಮೊದಲನೆಯದು ಹಣದುಬ್ಬರ. 1941ರ ಡಾಲರ್ ಬೇರೆ, 1983ರ ಡಾಲರ್ ಬೇರೆ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕದಂತೆ ಆ ಅವಧಿಯಲ್ಲಿ ಬೆಲೆಗಳು ಸುಮಾರು ಏಳು ಪಟ್ಟಾಗಿದ್ದವು. ಹಾಗಾಗಿ 740 ಡಾಲರಿನ ಜೀಪ್ 1983ರಲ್ಲಿ ಸುಮಾರು 5,000 ಡಾಲರಿಗೆ ಸಮ. ಅಂಕಿ ನೋಡಿದರೆ ಹಂವೀ ಜೀಪಿಗಿಂತ ಮೂವತ್ತು ಪಟ್ಟು ದುಬಾರಿ ಎನಿಸುತ್ತದೆ. ನಿಜವಾಗಿ ಅದು ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೇ.

ಎರಡನೆಯದು, ಯಾವ ಮೊತ್ತದಲ್ಲಿ ಏನೇನು ಸೇರಿದೆ ಎಂಬುದು. ಒಂದು ಗುತ್ತಿಗೆಯಲ್ಲಿ ವಾಹನ ಮಾತ್ರ ಇರಬಹುದು. ಇನ್ನೊಂದರಲ್ಲಿ ಬಿಡಿಭಾಗ, ತರಬೇತಿ, ಸಾಗಣೆ ಎಲ್ಲ ಇರಬಹುದು. ಎಮ್‌ರಾಪ್‌ನ ಅಂಕಿ ಅಷ್ಟು ದೊಡ್ಡದಾಗಲು ಇದೂ ಒಂದು ಕಾರಣ.

ಬಿಲ್ಲಿನಲ್ಲಿ ಕಾಣದ ಖರ್ಚು

ವಾಹನ ಕೊಂಡ ದಿನ ಖರ್ಚು ಮುಗಿಯುವುದಿಲ್ಲ, ಅಂದು ಶುರುವಾಗುತ್ತದೆ. 2009ರಲ್ಲಿ ಪೆಂಟಗನ್ ಅಧಿಕಾರಿಗಳು ಅಮೆರಿಕದ ಸಂಸತ್ತಿನ ಸಮಿತಿಗೆ ಒಂದು ಲೆಕ್ಕ ಕೊಟ್ಟರು. ಅಫ್ಘಾನಿಸ್ತಾನದ ದೂರದ ಠಾಣೆಗಳಿಗೆ ಒಂದು ಗ್ಯಾಲನ್ ಇಂಧನ ತಲುಪಿಸಲು 400 ಡಾಲರಿನವರೆಗೂ ಖರ್ಚಾಗುತ್ತಿತ್ತು. ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಅಂದರೆ ಲೀಟರಿಗೆ ನೂರು ಡಾಲರಿಗೂ ಹೆಚ್ಚು. ಇಂಧನ ತರುವ ಟ್ಯಾಂಕರ್‌ಗಳಿಗೆ ಕಾವಲು ಬೇಕು, ಕಾವಲಿನ ವಾಹನಗಳಿಗೂ ಇಂಧನ ಬೇಕು, ದಾರಿಯಲ್ಲಿ ದಾಳಿಯಾದರೆ ಜೀವವೂ ಹೋಗುತ್ತದೆ. ರಕ್ಷಣೆಗೆಂದು ಭಾರ ಹೆಚ್ಚಿಸಿದ ವಾಹನ ಹೆಚ್ಚು ಇಂಧನ ಕುಡಿದು ಟ್ಯಾಂಕರ್ ಓಡಿಸುವ ಇನ್ನೊಬ್ಬನನ್ನು ಅಪಾಯಕ್ಕೆ ಒಡ್ಡುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆ ಆಫ್ರಿಕಾದ ಚಾಡ್ ದೇಶದ್ದು. 1987ರಲ್ಲಿ ಲಿಬಿಯಾದ ಟ್ಯಾಂಕ್ ಪಡೆಯನ್ನು ಚಾಡ್ ಎದುರಿಸಿದ್ದು ಟೊಯೋಟಾ ಪಿಕಪ್‌ಗಳಲ್ಲಿ. ಅವುಗಳ ಮೇಲೆ ಮಿಲಾನ್ ಎಂಬ ಟ್ಯಾಂಕ್ ನಾಶಕ ಕ್ಷಿಪಣಿಗಳನ್ನು ಕೂರಿಸಿದ್ದರು. ಫಾದಾ ಎಂಬಲ್ಲಿ ಜನವರಿಯಲ್ಲಿ ನಡೆದ ಕದನದಲ್ಲಿ ಲಿಬಿಯಾ ಸುಮಾರು 90 ಟ್ಯಾಂಕ್ ಕಳೆದುಕೊಂಡಿತು, ಚಾಡ್ ಕಳೆದುಕೊಂಡದ್ದು ಮೂರು ಟೊಯೋಟಾ ಎಂದು ಇತಿಹಾಸಕಾರರು ಬರೆಯುತ್ತಾರೆ. ಆ ಯುದ್ಧಕ್ಕೆ ಟೊಯೋಟಾ ಯುದ್ಧ ಎಂಬ ಹೆಸರೇ ಬಿತ್ತು. ಬಯಲು ಮರಳುಗಾಡಿನಲ್ಲಿ ವೇಗವೇ ಅವರ ಕವಚವಾಗಿತ್ತು. ಕೆಟ್ಟರೆ ಬಿಡಿಭಾಗ ಎಲ್ಲೆಡೆ ಸಿಗುತ್ತಿತ್ತು, ರಿಪೇರಿಗೆ ಸಾಮಾನ್ಯ ಮೆಕ್ಯಾನಿಕ್ ಸಾಕಿತ್ತು. ಅಂಥದೇ ಪಿಕಪ್ ಆದ ಟೊಯೋಟಾ ಹೈಲಕ್ಸ್ ಈಗ ನಮ್ಮ ಬಿಡದಿಯ ಕಾರ್ಖಾನೆಯಲ್ಲೂ ಜೋಡಣೆಯಾಗುತ್ತದೆ. ಆದರೆ ಅದೇ ಪಿಕಪ್ಪನ್ನು ಬಾಂಬ್ ಹೂತಿಟ್ಟ ಬಾಗ್ದಾದಿನ ರಸ್ತೆಗೆ ಕಳಿಸಿದರೆ ಒಳಗಿದ್ದವರು ಉಳಿಯುವುದು ಕಷ್ಟ.

ನಮ್ಮ ಸೇನೆಯ ಜಿಪ್ಸಿ

ಈಗ ನಮ್ಮ ದೇಶಕ್ಕೆ ಬರೋಣ. 1969ರಿಂದ ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ನಿಸಾನ್ ಕಂಪನಿಯ ಮಾದರಿಯಲ್ಲಿ ಜೋಂಗಾ ತಯಾರಾಗುತ್ತಿತ್ತು. ಸುಮಾರು ನಾಲ್ಕು ಲೀಟರಿನ ಅದರ ಪೆಟ್ರೋಲ್ ಎಂಜಿನ್ ಗಟ್ಟಿಮುಟ್ಟು, ಆದರೆ ಪೆಟ್ರೋಲ್ ಬಹಳ ಕುಡಿಯುತ್ತಿತ್ತು. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಮುಂದೆ ಅದಕ್ಕೆ 1.3 ಲೀಟರಿನ ಪೆಟ್ರೋಲ್ ಎಂಜಿನ್ ಹಾಕಿದರು. ತೂಕ ಸುಮಾರು ಒಂದು ಟನ್. ವರ್ಷಗಳುದ್ದಕ್ಕೂ ಮೂವತ್ತು ಸಾವಿರಕ್ಕೂ ಹೆಚ್ಚು ಜಿಪ್ಸಿಗಳು ಸೇನೆ ಸೇರಿದವು.

ಜಿಪ್ಸಿಯ ಗುಟ್ಟು ಅದರ ಹಗುರತನ. ಸಡಿಲ ಮಣ್ಣಿನಲ್ಲಿ, ಹಿಮದಲ್ಲಿ ಭಾರದ ಗಾಡಿ ಹೂತುಹೋದ ಕಡೆ ಅದು ತೇಲಿದಂತೆ ದಾಟುತ್ತದೆ. ಕೊರೆಯುವ ಚಳಿಯಲ್ಲಿ ಡೀಸೆಲ್ ಮೇಣದಂತೆ ಗಟ್ಟಿಯಾಗತೊಡಗುತ್ತದೆ, ಪೆಟ್ರೋಲಿಗೆ ಆ ಕಷ್ಟವಿಲ್ಲ. ಲಡಾಖಿನಂಥ ಜಾಗದಲ್ಲಿ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದು ಯಾವ ಟಾರ್ಕಿಗಿಂತಲೂ ದೊಡ್ಡ ಸಾಮರ್ಥ್ಯ.

ಆದರೂ 500 ಕಿಲೊ ಸಾಲದು, 800 ಕಿಲೊ ಹೊರುವ, ಗಟ್ಟಿ ಮೇಲ್ಛಾವಣಿ ಮತ್ತು ಏಸಿ ಇರುವ ವಾಹನ ಬೇಕು ಎಂದು ಸೇನೆ ಹೊಸ ಮಟ್ಟ ನಿಗದಿಮಾಡಿತು. ನಮ್ಮಲ್ಲಿ ಸರ್ಕಾರಿ ಟೆಂಡರಿನ ಸಾಮಾನ್ಯ ಪದ್ಧತಿ ಎಲ್-ಒನ್. ಪರೀಕ್ಷೆಯಲ್ಲಿ ಪಾಸಾದವರಲ್ಲಿ ಅತಿ ಕಡಿಮೆ ಬೆಲೆ ಹೇಳಿದವರಿಗೆ ಆರ್ಡರ್. 2017ರಲ್ಲಿ ಟಾಟಾ ಸಫಾರಿ ಸ್ಟಾರ್ಮ್‌ಗೆ 3,192 ವಾಹನಗಳ ಆರ್ಡರ್ ಸಿಕ್ಕಿತು. 2023ರಲ್ಲಿ ಮಹೀಂದ್ರಾ ಸ್ಕಾರ್ಪಿಯೊ ಕ್ಲಾಸಿಕ್‌ಗೂ ಆರ್ಡರ್‌ಗಳು ಬಂದವು.

ಇದರ ನಡುವೆ 2019ರಲ್ಲಿ ನಡೆದದ್ದು ಯೋಚನೆಗೆ ಹಚ್ಚುತ್ತದೆ. ಕಾರುಗಳಿಗೆ ಏರ್‌ಬ್ಯಾಗ್, ಎಬಿಎಸ್ ಬ್ರೇಕ್ ಮುಂತಾದ ಸುರಕ್ಷತಾ ನಿಯಮಗಳು ಕಡ್ಡಾಯವಾದಾಗ ಜಿಪ್ಸಿ ಅವುಗಳಿಗೆ ಹೊಂದಲಿಲ್ಲ. ಜನರಿಗೆ ಅದರ ಮಾರಾಟ ನಿಂತಿತು. ಆದರೆ ಸೇನೆಗಾಗಿ ನಿಯಮದಿಂದ ವಿನಾಯಿತಿ ಕೊಟ್ಟು ಇನ್ನೂ ಸುಮಾರು 3,000 ಜಿಪ್ಸಿಗಳನ್ನು ತರಿಸಿಕೊಳ್ಳಲಾಯಿತು. ನನಗೆ ನಿನಗೆ ಸುರಕ್ಷಿತವಲ್ಲ ಎಂದ ವಾಹನ ಸೈನಿಕನಿಗೆ ಹೇಗೆ ಸರಿಹೋಯಿತು? ಒಂದು ಉತ್ತರವೇನೋ ಇದೆ: ಅಷ್ಟು ಹಗುರವಾದ, ಮೆಕ್ಯಾನಿಕ್‌ಗಳಿಗೆ ಅಷ್ಟು ಪರಿಚಿತವಾದ ಬೇರೆ ಗಾಡಿ ಇರಲಿಲ್ಲ. ಆದರೆ ಆ ಉತ್ತರದಿಂದ ಪ್ರಶ್ನೆ ಮುಗಿಯುವುದಿಲ್ಲ. ಆ ಕೊರತೆಯ ಅಪಾಯವನ್ನು ಹೊತ್ತವನು ಆರ್ಡರಿಗೆ ಸಹಿ ಹಾಕಿದವನಲ್ಲ, ಸೀಟಿನಲ್ಲಿ ಕೂತವನು.

ಕವಚದ ವಾಹನವೂ ನಮ್ಮಲ್ಲಿದೆ. 2021ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಮಹೀಂದ್ರಾ ಡಿಫೆನ್ಸ್ ಸಿಸ್ಟಮ್ಸ್ ಜೊತೆ 1,300 ಲೈಟ್ ಸ್ಪೆಷಲಿಸ್ಟ್ ವಾಹನಗಳಿಗೆ 1,056 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಭಾಗಿಸಿದರೆ ಒಂದಕ್ಕೆ ಸುಮಾರು 81 ಲಕ್ಷ. ಇದು ಎಲ್ಲ ಕಡೆಯಿಂದಲೂ ಸಣ್ಣ ಬಂದೂಕುಗಳ ಗುಂಡನ್ನು ತಡೆಯುತ್ತದೆ, ಮಷಿನ್ ಗನ್ ಮತ್ತು ಕ್ಷಿಪಣಿ ಹೊರುತ್ತದೆ. ಉತ್ಪಾದನೆ ನಿಂತ ಹೊತ್ತಿಗೆ ಜಿಪ್ಸಿಯ ಶೋರೂಂ ಬೆಲೆ ಆರು ಲಕ್ಷದ ಆಸುಪಾಸು ಇತ್ತು. ಒಂದು ಕವಚದ ವಾಹನದ ದುಡ್ಡಿಗೆ ಹನ್ನೆರಡು ಜಿಪ್ಸಿಗೂ ಮಿಕ್ಕಿ ಬರುತ್ತಿತ್ತು. ಅರ್ಥಶಾಸ್ತ್ರದಲ್ಲಿ ಇದನ್ನೇ ಅವಕಾಶ ವೆಚ್ಚ ಎನ್ನುತ್ತೇವೆ.

ಹಾಗಾದರೆ ಯಾವುದು ಬೆಸ್ಟ್?

ಹನ್ನೆರಡು ಜಿಪ್ಸಿ ಬೇಕೋ, ಒಂದು ಕವಚದ ವಾಹನ ಬೇಕೋ? ಠಾಣೆಯಿಂದ ಠಾಣೆಗೆ ಪಡಿತರ, ಟಪಾಲು ಸಾಗಿಸಲು 81 ಲಕ್ಷದ ವಾಹನ ದುಂದುವೆಚ್ಚ. ಗುಂಡು ಹಾರುವ ಕಡೆ ಗಸ್ತಿಗೆ ಆರು ಲಕ್ಷದ ವಾಹನ ಕಳಿಸುವುದು ಉಳಿತಾಯವಲ್ಲ, ಅನ್ಯಾಯ. ಕೆಲಸ ಯಾವುದು ಎಂದು ಹೇಳದೆ ಬೆಲೆ ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಹಿರಿಯರ ಮಾತಿಗೆ ಮರಳಿದರೆ, ಅಗ್ಗದ್ದು ಕೊಂಡವನು ಮತ್ತೆ ಮತ್ತೆ ಅಳುತ್ತಾನೆ ಎಂಬುದು ನಿಜ. ಆದರೆ ಕೆಲಸಕ್ಕೆ ಹೊಂದದ ದುಬಾರಿ ವಸ್ತು ಕೊಂಡವನೂ ಇಂಧನಕ್ಕೆ, ರಿಪೇರಿಗೆ, ಸಾಗಣೆಗೆ, ಕೊನೆಗೆ ಗುಜರಿಗೆ ಹಾಕುವಾಗ ಮತ್ತೆ ಮತ್ತೆ ಅಳುತ್ತಾನೆ. ಮುಂದೆ ನಮ್ಮಲ್ಲಿ ಕೆಲವರು ಲೆಕ್ಕ ಪರಿಶೋಧಕರಾಗಬಹುದು, ಯಾವುದಾದರೂ ಕಚೇರಿಯಲ್ಲಿ ಟೆಂಡರ್ ತೆರೆಯುವವರಾಗಬಹುದು. ಆಗ ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಇದು ಮಾಡಬೇಕಾದ ಕೆಲಸ ಯಾವುದು? ಕೊಂಡ ಮೇಲೆ ವರ್ಷವರ್ಷ ಇದಕ್ಕೆ ಏನು ಖರ್ಚು? ಕೆಟ್ಟರೆ ಅಲ್ಲೇ ರಿಪೇರಿಯಾಗುತ್ತದೆಯೇ? ನಮ್ಮ ಲೆಕ್ಕ ತಪ್ಪಿದರೆ ಪೆಟ್ಟು ತಿನ್ನುವವರು ಯಾರು?

ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯಲು ಲೆಕ್ಕದ ಪುಸ್ತಕದಲ್ಲಿ ಕಾಲಂ ಇದೆ. ನಾಲ್ಕನೆಯದಕ್ಕೆ ಕಾಲಂ ಇಲ್ಲ. ಹಾಗಂತ ಅದನ್ನು ಕೇಳದೆ ಬಿಡಬಾರದು.